ಸ್ಟೋಯಿಕ್ ತತ್ವ ದಿನದ ಬದುಕಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೋಯಿಕರು ಅಂದರೆ ಯಾರು? ಯಾವ ಕಾಲದವರು?

ಕ್ರಿ.ಪೂ. 300ರ ಆಸುಪಾಸಿನಲ್ಲಿ ಸೈಪ್ರಸ್ ದ್ವೀಪದ ಸಿಟಿಯಮ್ ಊರಿನ ಝೀನೋ ಎಂಬವನು ಅಥೆನ್ಸಿನ ಸಂತೆ ಚೌಕದ ಪಕ್ಕದ ಒಂದು ಜಗಲಿಯಲ್ಲಿ ಪಾಠ ಹೇಳತೊಡಗಿದ. ಉದ್ದಕ್ಕೂ ಕಂಬಸಾಲು, ಗೋಡೆ ತುಂಬ ಚಿತ್ರ. ಅಂಥ ಜಗಲಿಗೆ ಗ್ರೀಕರು ಸ್ಟೋವಾ ಎನ್ನುತ್ತಿದ್ದರು. ಅಲ್ಲಿ ಕೂತು ಕೇಳಿದವರಿಗೆ ಸ್ಟೋಯಿಕರು ಎಂಬ ಹೆಸರು ಬಿತ್ತು.

ಝೀನೋನ ಬರಹ ಉಳಿದಿಲ್ಲ. ಇವತ್ತು ನಾವು ಓದುವುದು ಬಹುಮಟ್ಟಿಗೆ ರೋಮ್ ಸಾಮ್ರಾಜ್ಯದ ಮೂವರನ್ನು. ಸೆನೆಕಾ ಸ್ಪೇನಿನ ಕೊರ್ಡೋಬಾದವನು, ನೀರೋ ಚಕ್ರವರ್ತಿಯ ಗುರು. ಕ್ರಿ.ಶ. 65ರಲ್ಲಿ ಅದೇ ಶಿಷ್ಯನ ಆಜ್ಞೆಯಿಂದ ಪ್ರಾಣ ಬಿಟ್ಟ. ಲುಸಿಲಿಯಸ್ ಎಂಬ ಗೆಳೆಯನಿಗೆ ಅವನು ಬರೆದ 124 ಪತ್ರಗಳು ಉಳಿದಿವೆ. ಎಪಿಕ್ಟೀಟಸ್ ಇಂದಿನ ಟರ್ಕಿಯ ಹಿಯರಾಪೊಲಿಸ್ ಕಡೆಯವನು. ರೋಮಿನಲ್ಲಿ ಗುಲಾಮನಾಗಿದ್ದವನು ಬಿಡುಗಡೆಯಾದ ಮೇಲೆ ಗ್ರೀಸಿನ ಪಶ್ಚಿಮ ಕರಾವಳಿಯ ನಿಕೊಪೊಲಿಸ್‌ನಲ್ಲಿ ಶಾಲೆ ನಡೆಸಿದ. ತಾನಾಗಿ ಒಂದಕ್ಷರವನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದಿಟ್ಟುಕೊಂಡ ಟಿಪ್ಪಣಿಗಳೇ ನಮಗೆ ಆಧಾರ: 'ಪ್ರವಚನಗಳು' ಮತ್ತು ಅದರ ಸಾರವಾದ 'ಕೈಪಿಡಿ'. ಮೂರನೆಯವನು ಚಕ್ರವರ್ತಿ ಮಾರ್ಕಸ್ ಅರೇಲಿಯಸ್, ಆಳಿದ್ದು 161ರಿಂದ 180ರವರೆಗೆ. ತನಗಾಗಿ ಮಾತ್ರ ಗ್ರೀಕಿನಲ್ಲಿ ಬರೆದುಕೊಂಡ ಅವನ ಟಿಪ್ಪಣಿಗಳು 12 ಅಧ್ಯಾಯಗಳಲ್ಲಿವೆ. ಅವುಗಳಲ್ಲಿ ಕೆಲವನ್ನು ಡ್ಯಾನ್ಯೂಬ್ ಗಡಿಯ ಯುದ್ಧದ ಬಿಡಾರದಲ್ಲಿ ಬರೆದ.

ಒಬ್ಬ ಗುಲಾಮನಾಗಿದ್ದವನು, ಒಬ್ಬ ಮಂತ್ರಿ, ಒಬ್ಬ ಚಕ್ರವರ್ತಿ. ಮೂವರೂ ಒಂದೇ ಅಭ್ಯಾಸವನ್ನು ಮಾಡಿದರು.

ಆ ಅಭ್ಯಾಸವನ್ನು ಚಿಕ್ಕದಾಗಿ ಹೇಳಿ ಎಂದರೆ?

ಏನೋ ಒಂದು ನಡೆಯುತ್ತದೆ. ಮರುಕ್ಷಣವೇ ಮನಸ್ಸಿಗೆ ಅದರ ಬಗ್ಗೆ ಒಂದು ಮಾತು ತೋರುತ್ತದೆ: "ನನ್ನನ್ನು ಬೇಕಂತಲೇ ಕಡೆಗಣಿಸಿದರು", "ಎಲ್ಲಾ ಕೆಟ್ಟುಹೋಯಿತು". ಆ ಮಾತಿಗೆ ನಾವು ಒಳಗೊಳಗೇ ಹೂಂಗುಟ್ಟುತ್ತೇವೆ. ಕೋಪ, ಭಯ, ಹೊಟ್ಟೆಕಿಚ್ಚು ಬೆಳೆದು ನಿಲ್ಲುವುದು ಹೂಂಗುಟ್ಟಿದ ಮೇಲೆ. ತೋರುವುದು ತಾನಾಗಿ ತೋರುತ್ತದೆ, ಅದನ್ನು ತಡೆಯಲಾಗದು. ಹೂಂಗುಟ್ಟುವವರು ಮಾತ್ರ ನಾವು. ಇವೆರಡರ ನಡುವೆ ಒಂದು ಸಣ್ಣ ಸಂದಿ ಇದೆ. ಕೆಳಗೆ ಹೇಳಿರುವುದೆಲ್ಲ ಆ ಸಂದಿಯನ್ನು ಸ್ವಲ್ಪ ಅಗಲ ಮಾಡಿಕೊಳ್ಳುವ ದಾರಿ.

"ನಮ್ಮ ಕೈಯಲ್ಲಿರುವುದು, ಇಲ್ಲದ್ದು" ಎಂಬ ವಿಂಗಡಣೆಯನ್ನು ಸರಿಯಾಗಿ ಮಾಡುವುದು ಹೇಗೆ?

ಕೈಪಿಡಿಯ ಮೊದಲ ವಾಕ್ಯವೇ ಇದು. ಎಪಿಕ್ಟೀಟಸ್ ಎಳೆದ ಗೆರೆ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಬಿಗಿ. ನಮ್ಮ ಅಭಿಪ್ರಾಯ, ನಾವು ಮಾಡಲು ಹೊರಡುವುದು, ನಾವು ಬಯಸುವುದು, ಬೇಡವೆನ್ನುವುದು, ಇಷ್ಟೇ ನಮ್ಮ ಕೈಯಲ್ಲಿರುವುದು. ಆಸ್ತಿ, ಹೆಸರು, ಹುದ್ದೆ ಆಚೆ ಬದಿಗೆ. ನಮ್ಮ ಶರೀರವೂ ಆಚೆ ಬದಿಗೇ.

ಶರೀರ ಹೇಗೆ ಆಚೆ ಎಂದು ಬಹಳ ಮಂದಿ ಕೇಳುತ್ತಾರೆ. ದಿನಾ ಅರ್ಧ ಗಂಟೆ ನಡೆಯುವುದು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದು, ಮೂರನೇ ಹೋಳಿಗೆ ಬೇಡ ಎನ್ನುವುದು ನಿಮ್ಮದು. ಮೂರು ತಿಂಗಳಿಗೊಮ್ಮೆ ಲ್ಯಾಬಿನ ಚೀಟಿಯಲ್ಲಿ ಬರುವ ಸಕ್ಕರೆಯ ಅಂಕಿ ನಿಮ್ಮದಲ್ಲ. ಅಂಕಿಯನ್ನೇ ಗುರಿ ಮಾಡಿಕೊಂಡವರು ಅದು ಒಮ್ಮೆ ಏರಿದೊಡನೆ "ಇಷ್ಟು ಮಾಡಿಯೂ ಏನು ಬಂತು" ಎಂದು ನಡೆಯುವುದನ್ನೇ ಬಿಡುತ್ತಾರೆ. ನಡಿಗೆಯನ್ನು ಗುರಿ ಮಾಡಿಕೊಂಡವರು ಮಾರನೇ ದಿನವೂ ಚಪ್ಪಲಿ ಮೆಟ್ಟುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪು, "ಅರ್ಧ ನನ್ನ ಕೈಯಲ್ಲಿ" ಎಂಬ ಮೂರನೆಯ ಖಾನೆಯನ್ನು ಮಾಡಿಕೊಳ್ಳುವುದು. ಆ ಖಾನೆಗೆ ಎಲ್ಲವೂ ಬಂದು ಬೀಳುತ್ತದೆ, ಚಿಂತೆ ಇದ್ದಲ್ಲೇ ಉಳಿಯುತ್ತದೆ. ಅರ್ಧ ಎನಿಸಿದ್ದನ್ನು ಸೀಳಿ ನೋಡಿ. ಮಗಳ ಪಿಯುಸಿ ಅಂಕಗಳು ನಿಮ್ಮವಲ್ಲ. ಶುಲ್ಕವನ್ನು ಗಡುವಿನೊಳಗೆ ಕಟ್ಟುವುದು, ಓದುವ ಹೊತ್ತಿಗೆ ಟಿವಿ ಆರಿಸುವುದು, ಪಕ್ಕದ ಮನೆಯ ಹುಡುಗನೊಂದಿಗೆ ಹೋಲಿಸದಿರುವುದು ಪೂರ್ತಿ ನಿಮ್ಮವು. ಕೆಲಸದ ಸಂದರ್ಶನವೂ ಹೀಗೆಯೇ. ಹಿಂದಿನ ರಾತ್ರಿ ಹೊತ್ತಿಗೆ ಮಲಗುವುದು, ಒಂದು ಗಂಟೆ ಮುಂಚೆ ಮನೆ ಬಿಡುವುದು, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎನ್ನುವುದು ನಿಮ್ಮವು. ಕೆಲಸ ಸಿಗುವುದು ಅವರದು.

ರೋಮಿನ ಲೇಖಕ ಸಿಸೆರೋ ಉಳಿಸಿಕೊಟ್ಟಿರುವ ಸ್ಟೋಯಿಕರ ಹೋಲಿಕೆಯೊಂದಿದೆ. ಬಿಲ್ಲುಗಾರ ಗುರಿ ನೋಡುತ್ತಾನೆ, ಹೆದೆ ಎಳೆಯುತ್ತಾನೆ, ತನ್ನಿಂದಾಗುವುದೆಲ್ಲವನ್ನೂ ಮಾಡುತ್ತಾನೆ. ಬಾಣ ಬೆರಳು ಬಿಟ್ಟ ಮೇಲೆ ಗಾಳಿ ಬೀಸಬಹುದು, ಗುರಿ ಸರಿದುಹೋಗಬಹುದು. ಚೆನ್ನಾಗಿ ಎಸೆಯುವುದೇ ಅವನ ಕೆಲಸ. ಗುರಿ ನೋಡದೆ ಎಸೆದರೂ ಆದೀತು ಎಂದು ಇದರ ಅರ್ಥವಲ್ಲ.

ಎಲ್ಲಾ ಹಣೆಬರಹ ಎಂದು ಕೈಕಟ್ಟಿ ಕೂರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇದೇ ಪ್ರಶ್ನೆ ಅಂದೂ ಇತ್ತು. ಅದಕ್ಕೆ "ಸೋಮಾರಿ ವಾದ" ಎಂದೇ ಹೆಸರು: ಕಾಯಿಲೆ ವಾಸಿಯಾಗುವ ಹಣೆಬರಹವಿದ್ದರೆ ವೈದ್ಯರನ್ನು ಕರೆದರೂ ವಾಸಿ, ಕರೆಯದಿದ್ದರೂ ವಾಸಿ, ಮತ್ತೆ ಕರೆಯುವುದೇಕೆ? ಝೀನೋನ ಪರಂಪರೆಯ ಮೂರನೇ ಗುರು ಕ್ರಿಸಿಪ್ಪಸ್ ಇದಕ್ಕೆ ಉತ್ತರ ಕೊಟ್ಟ. ವಾಸಿಯಾಗುವುದು ಬರೆದಿದ್ದರೆ ವೈದ್ಯರನ್ನು ಕರೆಯುವುದೂ ಅದರ ಜೊತೆಗೇ ಬರೆದಿರುತ್ತದೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ. "ನನ್ನ ಕೈಯಲ್ಲಿಲ್ಲ" ಎಂಬ ಮಾತು ನಿಮ್ಮ ಪಾಲಿನ ಕೆಲಸ ಮುಗಿದ ಮೇಲೆ ಬಂದರೆ ಅದು ಸ್ಟೋಯಿಕ್. ಕೆಲಸಕ್ಕೆ ಮೊದಲೇ ಬಂದರೆ ನೆಪ.

ಎಲ್ಲಿಂದ ಶುರು ಮಾಡಬೇಕು?

ಸಣ್ಣದರಿಂದ. ಕೈಪಿಡಿಯ 12ನೇ ಅಧ್ಯಾಯದ ಸಲಹೆ ಅದೇ: ಒಂದಿಷ್ಟು ಎಣ್ಣೆ ಚೆಲ್ಲಿತು, ಒಂದಿಷ್ಟು ದ್ರಾಕ್ಷಾರಸ ಕಳವಾಯಿತು, "ನೆಮ್ಮದಿಗೆ ನಾನು ತೆತ್ತ ಬೆಲೆ ಇದು, ಪುಕ್ಕಟೆ ಏನೂ ಸಿಗುವುದಿಲ್ಲ" ಎಂದುಕೋ. ಅಣ್ಣತಮ್ಮಂದಿರ ಆಸ್ತಿ ಜಗಳದಿಂದ ಅಭ್ಯಾಸ ಶುರು ಮಾಡಿದವರು ಮೂರನೇ ದಿನಕ್ಕೆ ಕೈಚೆಲ್ಲುತ್ತಾರೆ. ಈಜು ಕಲಿಯುವವರು ತುಂಬಿದ ಹೊಳೆಗೆ ಮೊದಲು ಇಳಿಯುವುದಿಲ್ಲವಷ್ಟೆ.

ಹಾಲನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಒಲೆಯ ಮೇಲಿಟ್ಟು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಉಕ್ಕಿಹೋಗಿದೆ. ಬರ್ನರಿನ ಸುತ್ತ ನೊರೆ, ಸೀದ ವಾಸನೆ, ಕಟ್ಟೆಯಂಚಿನಿಂದ ನೆಲಕ್ಕೆ ಇಳಿಯುತ್ತಿರುವ ಬಿಳಿ ಗೆರೆ. ಮೊದಲು ಗ್ಯಾಸ್ ಆರಿಸಿ. ಆಮೇಲೆ ಒಂದು ಉಸಿರು ಪೂರ್ತಿ ಎಳೆದು ಬಿಡುವವರೆಗೆ ಬಟ್ಟೆಗೆ ಕೈ ಹಾಕಬೇಡಿ, ಬಾಯಿಯನ್ನೂ ತೆರೆಯಬೇಡಿ. ಈಗ ಕಣ್ಣಿಗೆ ಕಂಡದ್ದನ್ನಷ್ಟೇ ಮನಸ್ಸಿನಲ್ಲಿ ಹೇಳಿಕೊಳ್ಳಿ: "ಅರ್ಧ ಲೀಟರಿನಲ್ಲಿ ಒಂದು ಲೋಟದಷ್ಟು ಚೆಲ್ಲಿದೆ. ಒಲೆ ಒರೆಸಬೇಕು." ಇದರ ಹಿಂದೆಯೇ ಎರಡನೇ ಮಾತು ಬರುತ್ತದೆ: "ಈ ಮನೇಲಿ ಎಲ್ಲಾನೂ ನಾನೊಬ್ಬಳೇ ನೋಡ್ಬೇಕು." ಅದನ್ನು ಹಿಡಿಯುವುದೇ ಅಭ್ಯಾಸದ ತಿರುಳು. ಅದನ್ನು ಅಲ್ಲಗಳೆಯಬೇಕಿಲ್ಲ, ನುಂಗಿಕೊಳ್ಳಲೂ ಬೇಕಿಲ್ಲ. "ಇದು ನಿಜವಿರಬಹುದು, ಆದರೆ ಇದನ್ನು ಹಾಲು ಹೇಳಲಿಲ್ಲ" ಎಂದು ಪಕ್ಕಕ್ಕಿಟ್ಟು ಒಲೆ ಒರೆಸಿ.

ಆ ಎರಡನೇ ಮಾತು ನಿಜವೇ ಆಗಿದ್ದರೆ, ಮನೆಗೆಲಸದ ಭಾರ ಒಬ್ಬರ ಮೇಲೇ ಬಿದ್ದಿದ್ದರೆ, ಸಂಜೆ ಎಲ್ಲರೂ ಕೂತಾಗ ಯಾರು ಏನು ಮಾಡಬೇಕೆಂದು ಮಾತಾಡಿ ಹಂಚಿಕೊಳ್ಳಿ. ಬೆಳಿಗ್ಗೆಯ ಕೂಗಾಟದಲ್ಲಿ ಆ ದೂರು ಯಾರ ಕಿವಿಗೂ ಬೀಳುವುದಿಲ್ಲ. ಸಹಿಸಿಕೊಂಡು ಸುಮ್ಮನಿರಿ ಎಂದು ಸ್ಟೋಯಿಕರು ಹೇಳುತ್ತಾರೆಂದು ತಿಳಿದವರು ಈ ಅರ್ಧವನ್ನು ಮರೆಯುತ್ತಾರೆ.

ಎರಡು ವಾರ ಇಂಥವನ್ನೇ ಹಿಡಿಯಿರಿ: ಬಸ್ ತಪ್ಪಿದ್ದು, ಲಿಫ್ಟ್ ಕೆಟ್ಟಿದ್ದು, ಸಾರಿಗೆ ಉಪ್ಪು ಹೆಚ್ಚಾದದ್ದು.

ಬೆಳಿಗ್ಗೆ ಏನು ಮಾಡಬೇಕು?

ಐದು ನಿಮಿಷ ಸಾಕು, ಫೋನ್ ಮುಟ್ಟುವ ಮೊದಲು. ಇವತ್ತು ಎಲ್ಲಿಗೆ ಹೋಗಬೇಕು, ಅಲ್ಲಿ ಸಾಮಾನ್ಯವಾಗಿ ಏನೇನಾಗುತ್ತದೆ ಎಂದು ಒಂದು ಸುತ್ತು ನೋಡಿಕೊಳ್ಳಿ. ಕೈಪಿಡಿಯ 4ನೇ ಅಧ್ಯಾಯದಲ್ಲಿ ಸಾರ್ವಜನಿಕ ಸ್ನಾನಗೃಹದ ಉದಾಹರಣೆಯಿದೆ: ಅಲ್ಲಿ ನೀರೆರಚುವವರಿರುತ್ತಾರೆ, ತಳ್ಳುವವರಿರುತ್ತಾರೆ, ಬೈಯುವವರಿರುತ್ತಾರೆ, ಕದಿಯುವವರೂ ಇರುತ್ತಾರೆ. "ನನಗೆ ಸ್ನಾನವೂ ಆಗಬೇಕು, ಮನಸ್ಸೂ ಹದವಾಗಿರಬೇಕು" ಎಂದುಕೊಂಡು ಹೊರಟವನು ಯಾರೋ ನೀರೆರಚಿದಾಗ ಕಂಗೆಡುವುದಿಲ್ಲ, ಏಕೆಂದರೆ ಅವನಿಗೆ ಬೇಕಿದ್ದದ್ದು ಎರಡು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕೆಲಸಕ್ಕೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾರ್ಕಸ್‌ನ ಎರಡನೇ ಅಧ್ಯಾಯ ಶುರುವಾಗುವುದೂ ಹೀಗೆಯೇ: ಇವತ್ತು ಮೂಗು ತೂರಿಸುವವರು, ಉಪಕಾರ ನೆನೆಯದವರು, ಸೊಕ್ಕಿನವರು, ಹೊಟ್ಟೆಕಿಚ್ಚಿನವರು ಎದುರಾಗುತ್ತಾರೆ. ಇಲ್ಲಿ ಎಡವುವವರು ಬಹಳ. ಆ ಪಟ್ಟಿಯನ್ನಷ್ಟೇ ಓದಿ ನಿಲ್ಲಿಸಿದರೆ ಜನರನ್ನೆಲ್ಲ ಬೈದುಕೊಂಡು ದಿನ ಶುರು ಮಾಡಿದಂತಾಗುತ್ತದೆ. ಮಾರ್ಕಸ್ ಅಲ್ಲಿಗೆ ನಿಲ್ಲುವುದಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅವರಿಗೆ ತಿಳಿಯದೆ ಹಾಗಾಗಿದ್ದಾರೆ, ಅವರು ನನ್ನ ಬಂಧುಗಳೇ, ಎರಡು ಕೈಗಳ ಹಾಗೆ, ಎರಡು ಕಾಲುಗಳ ಹಾಗೆ, ಹಲ್ಲಿನ ಮೇಲಿನ ಸಾಲು ಕೆಳಗಿನ ಸಾಲಿನ ಹಾಗೆ ಒಟ್ಟಿಗೆ ದುಡಿಯಲು ಹುಟ್ಟಿದವರು ನಾವು ಎಂದು ಮುಂದುವರಿಸುತ್ತಾನೆ. ಆ ಉತ್ತರಾರ್ಧವಿಲ್ಲದೆ ಈ ಅಭ್ಯಾಸ ಬೇಡ.

ಇನ್ನೊಂದು ಎಚ್ಚರಿಕೆ. ಮುಂದಾಗಬಹುದಾದ್ದನ್ನು ನೆನೆಯುವುದು ಚಿಂತೆಯಾಗಿ ತಿರುಗಿದರೆ ತಕ್ಷಣ ನಿಲ್ಲಿಸಿ. ಗುರುತು ಸುಲಭ: ಅಭ್ಯಾಸ "ಹಾಗಾದರೆ ನಾನು ಹೀಗೆ ಮಾಡುತ್ತೇನೆ" ಎಂದು ಮುಗಿಯುತ್ತದೆ. ಚಿಂತೆ "ಹಾಗಾದರೆ?" ಎಂದು ಮುಗಿಯುತ್ತದೆ.

ರಾತ್ರಿ?

ಸೆನೆಕಾ ಕೋಪದ ಬಗ್ಗೆ ಬರೆದ ಪುಸ್ತಕದ ಮೂರನೇ ಭಾಗದಲ್ಲಿ ತನ್ನ ರೂಢಿಯನ್ನು ವಿವರಿಸಿದ್ದಾನೆ. ದೀಪ ಒಳಗೆ ಹೋದ ಮೇಲೆ, ಇವನ ಅಭ್ಯಾಸ ಗೊತ್ತಿದ್ದ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಿದ್ದ. ಸೆಕ್ಸ್ಟಿಯಸ್ ಎಂಬ ಹಿರಿಯನಿಂದ ಕಲಿತ ಮೂರು ಪ್ರಶ್ನೆಗಳು: ಇಂದು ಯಾವ ರೋಗವನ್ನು ವಾಸಿ ಮಾಡಿಕೊಂಡೆ? ಯಾವ ದುರ್ಗುಣವನ್ನು ತಡೆದೆ? ಯಾವುದರಲ್ಲಿ ಮೇಲಾದೆ?

ಒಂದು ಬರೆಯುವ ಪುಸ್ತಕ, ಹತ್ತು ನಿಮಿಷ, ಮೂರರಿಂದ ಐದು ಸಾಲು. ಗುಣವಾಚಕ ಬರೆಯಬೇಡಿ, ನಡೆದದ್ದನ್ನು ಬರೆಯಿರಿ. "ಇವತ್ತು ತುಂಬಾ ಕೆಟ್ಟದಾಗಿ ನಡೆದುಕೊಂಡೆ" ಎಂಬುದರಿಂದ ಏನೂ ಹೊರಡುವುದಿಲ್ಲ. "ಮಧ್ಯಾಹ್ನ ಊಟದ ಹೊತ್ತಿಗೆ ಅಮ್ಮ ಎರಡನೇ ಸಲ ಫೋನ್ ಮಾಡಿದಾಗ 'ಏನಮ್ಮಾ ಮತ್ತೆ' ಅಂದೆ. ಅವರು ಮಾತ್ರೆಯ ಹೆಸರು ಕೇಳಲು ಮಾಡಿದ್ದರು" ಎಂದರೆ ನಾಳೆ ಏನು ಬದಲಿಸಬೇಕೆಂದು ಕಾಣುತ್ತದೆ. ಸೆನೆಕಾನ ಉದಾಹರಣೆಗಳೂ ಇಂಥವೇ: ಆ ವಾದದಲ್ಲಿ ಜಗಳಗಂಟನ ಹಾಗೆ ಮಾತಾಡಿದೆ, ಆ ಮನುಷ್ಯನಿಗೆ ಮಿತಿಮೀರಿ ಬುದ್ಧಿ ಹೇಳಿದೆ. ಆಮೇಲೆ ಅವನು ತನಗೆ ಹೇಳಿಕೊಳ್ಳುವುದು "ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ" ಎಂದು. ಕ್ಷಮಿಸಿದ್ದೇನೆ ಎಂಬ ಮಾತನ್ನು ಬಿಟ್ಟವರು ಮೂರು ವಾರದಲ್ಲಿ ಪುಸ್ತಕವನ್ನೂ ಬಿಡುತ್ತಾರೆ. ತನ್ನನ್ನು ತಾನೇ ಬೈದುಕೊಳ್ಳುವ ಪುಸ್ತಕವನ್ನು ದಿನಾ ತೆರೆಯಲು ಯಾರಿಗೆ ಮನಸ್ಸಾದೀತು?

ನಿದ್ದೆಯ ತೊಂದರೆ ಇರುವವರು ಹಾಸಿಗೆಯಲ್ಲಿ ಬರೆಯಬಾರದು. ಊಟವಾದ ಕೂಡಲೇ, ಬೇರೆ ಕೋಣೆಯಲ್ಲಿ ಕೂತು ಮುಗಿಸಿಬಿಡಿ.

ಕೋಪ ಬಂದಾಗ ಇದೆಲ್ಲ ನೆನಪೇ ಬರುವುದಿಲ್ಲ. ಏನು ಮಾಡುವುದು?

ನಮಗೆ ಬರುವ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಇದೇ. ಉತ್ತರವನ್ನು ಸೆನೆಕಾ ಸ್ಪಷ್ಟವಾಗಿ ಕೊಟ್ಟಿದ್ದಾನೆ. ಅವನ ಪ್ರಕಾರ ಕೋಪಕ್ಕೆ ಮೂರು ಹೆಜ್ಜೆ. ಮೊದಲನೆಯದು ಶರೀರದ್ದು: ಎದೆ ಢವಗುಟ್ಟುತ್ತದೆ, ಮುಖ ಬಿಸಿಯಾಗುತ್ತದೆ. ತಣ್ಣೀರು ಎರಚಿದಾಗ ಮೈ ಜುಮ್ಮೆನ್ನುವಷ್ಟೇ ಅದು ತಾನಾಗಿ ಬರುವುದು, ತಪ್ಪೂ ಅಲ್ಲ, ಸೋಲೂ ಅಲ್ಲ. ಎರಡನೆಯದರಲ್ಲಿ ನಾವು ಒಪ್ಪುತ್ತೇವೆ: "ನನಗೆ ಅನ್ಯಾಯವಾಗಿದೆ, ತಿರುಗಿಸಿ ಕೊಡಲೇಬೇಕು." ಮೂರನೆಯದು ಲಗಾಮು ಹರಿದ ಕುದುರೆ, ಅಲ್ಲಿ ಯಾವ ಉಪದೇಶವೂ ನಾಟುವುದಿಲ್ಲ. ನಿಮಗೆ ನೆನಪು ಬಾರದಿರುವುದು ಮೂರನೆಯ ಹೆಜ್ಜೆಯಲ್ಲಿ ನೆನಪಿಸಿಕೊಳ್ಳಲು ಹೊರಡುವುದರಿಂದ.

ಹಾಗಾಗಿ ಮೊದಲ ಹೆಜ್ಜೆಯ ಗುರುತನ್ನು ಮೊದಲೇ ತಿಳಿದಿಟ್ಟುಕೊಳ್ಳಿ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ದನಿ ಸಣ್ಣಗಾಗುತ್ತದೆ, ಕೆಲವರಿಗೆ ಕಿವಿ ಬಿಸಿ. ರಾತ್ರಿಯ ಪುಸ್ತಕದಲ್ಲಿ ಒಂದು ವಾರ ಇದನ್ನೇ ಬರೆಯಿರಿ, ನಿಮ್ಮದು ಯಾವುದೆಂದು ತಿಳಿಯುತ್ತದೆ. ಆ ಗುರುತು ಕಂಡ ಕೂಡಲೇ ಮಾಡಬೇಕಾದ್ದು ಒಂದೇ, ತಡ ಮಾಡುವುದು. ಕೋಪಕ್ಕೆ ದೊಡ್ಡ ಮದ್ದು ತಡ ಮಾಡುವುದೇ ಎನ್ನುತ್ತಾನೆ ಸೆನೆಕಾ. ಕ್ಷಮಿಸು ಎಂದು ಕೋಪವನ್ನು ಬೇಡಬೇಡ, ಮೊದಲು ವಿಚಾರಿಸು ಎಂದು ಬೇಡು ಎಂಬುದು ಅವನ ಮಾತು.

ವಾಟ್ಸಾಪ್‌ನಲ್ಲಿ ತಡ ಮಾಡುವುದು ಹೀಗೆ: ಉತ್ತರವನ್ನು ಆ ಕಿಟಕಿಯಲ್ಲಿ ಬರೆಯಬೇಡಿ, ಬೆರಳು ಜಾರುತ್ತದೆ. ನೋಟ್ಸ್‌ನಲ್ಲಿ ಬರೆದಿಡಿ. ಒಂದು ಊಟ ಅಥವಾ ಒಂದು ನಿದ್ದೆ ಕಳೆಯಲಿ. ಆಮೇಲೆ ಓದಿದಾಗ ಹೇಳಲೇಬೇಕಾದ ವಾಕ್ಯ ಒಂದೋ ಎರಡೋ ಉಳಿಯುತ್ತದೆ. ಅದನ್ನು ಕಳಿಸಿ. ಎದುರೆದುರು ಇರುವಾಗ "ಒಂದು ನಿಮಿಷ, ನೀರು ಕುಡಿದು ಬರ್ತೀನಿ" ಎಂದು ಎದ್ದು ಹೋಗಿ. ಮಕ್ಕಳ ಮೇಲೆ ಕೈಯೆತ್ತುವ ಅಭ್ಯಾಸವಿರುವವರು ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿರಿ.

ಎಷ್ಟು ಸುಧಾರಿಸಿತೆಂದು ತಿಳಿಯಲು ಎಪಿಕ್ಟೀಟಸ್ ಪ್ರವಚನಗಳ ಎರಡನೇ ಭಾಗದಲ್ಲಿ ಲೆಕ್ಕವಿಡುವ ಉಪಾಯ ಹೇಳಿದ್ದಾನೆ. ಕೋಪ ಬಾರದ ದಿನಗಳನ್ನು ಎಣಿಸು: ಮೊದಲು ದಿನಾ ಬರುತ್ತಿತ್ತು, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. 30 ದಿನ ಕಳೆದರೆ ದೇವರಿಗೆ ಪೂಜೆ ಕೊಡು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ ಸಾಕು. ಸರಪಳಿ ತುಂಡಾದ ದಿನ ಚುಕ್ಕಿ ಬೇಡ, ಅಷ್ಟೆ. ಹಿಂದಿನ ಚುಕ್ಕಿಗಳು ಎಲ್ಲಿಗೂ ಹೋಗುವುದಿಲ್ಲ.

ಮನೆಯವರೊಂದಿಗೆ, ಮುಖ್ಯವಾಗಿ ಹಿರಿಯರೊಂದಿಗೆ, ಹೊಂದಿಕೊಳ್ಳುವುದು ಹೇಗೆ?

ಪ್ರತಿಯೊಂದಕ್ಕೂ ಎರಡು ಹಿಡಿಗಳಿರುತ್ತವೆ, ಒಂದರಿಂದ ಹೊರಬಹುದು, ಇನ್ನೊಂದರಿಂದ ಹೊರಲಾಗದು ಎನ್ನುತ್ತದೆ ಕೈಪಿಡಿಯ 43ನೇ ಅಧ್ಯಾಯ. ಅಣ್ಣ ಅನ್ಯಾಯ ಮಾಡಿದ್ದಾನೆ. "ಅನ್ಯಾಯ ಮಾಡಿದ" ಎಂಬ ಹಿಡಿಯಿಂದ ಎತ್ತಿದರೆ ಕೈ ಸುಡುತ್ತದೆ. "ನನ್ನ ಅಣ್ಣ, ಒಟ್ಟಿಗೆ ಬೆಳೆದವನು" ಎಂಬ ಹಿಡಿಯಿಂದ ಎತ್ತಿದರೆ ಅದೇ ವಿಷಯವನ್ನು ಹೊರಬಹುದು. ಪಾಲನ್ನು ಬಿಟ್ಟುಕೊಡಿ ಎಂದಲ್ಲ. ವಕೀಲರ ಹತ್ತಿರ ಹೋಗಬೇಕಾದರೂ ಯಾವ ಹಿಡಿ ಹಿಡಿದು ಹೋಗುತ್ತೀರಿ ಎಂಬುದು ಪ್ರಶ್ನೆ.

ತಂದೆಯ ಬಗ್ಗೆ 30ನೇ ಅಧ್ಯಾಯದ ಮಾತು ಕಟುವಾಗಿದೆ: ಪ್ರಕೃತಿ ನಿನಗೆ ತಂದೆಯೊಬ್ಬನನ್ನು ಕೊಟ್ಟಿತು, ಒಳ್ಳೆಯ ತಂದೆಯನ್ನೇ ಕೊಡುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಅವನು ಏನು ಮಾಡಿದ ಎಂದು ನೋಡಬೇಡ, ನೀನು ಮಗನಾಗಿ ಏನು ಮಾಡಬೇಕೆಂದು ನೋಡು. ಇದನ್ನು ಹಿಂಸೆ ಸಹಿಸುವುದಕ್ಕೆ ಒಪ್ಪಿಗೆಯೆಂದು ಓದಬಾರದು. ಹೊಡೆತ, ಬೆದರಿಕೆ ಇರುವ ಮನೆಯಿಂದ ಹೊರಬರುವುದು ನಿಮ್ಮ ಕೈಯಲ್ಲಿರುವ ಕೆಲಸವೇ, ಮೊದಲು ಅದನ್ನು ಮಾಡಿ.

ಎರಡನೇ ಶತಮಾನದ ಹಿಯರೊಕ್ಲೀಸ್ ಎಂಬ ಸ್ಟೋಯಿಕ್ ಬಂಧುತ್ವವನ್ನು ಒಂದರೊಳಗೊಂದು ವೃತ್ತಗಳಾಗಿ ವಿವರಿಸಿದ. ನಡುವೆ ನಾನು, ಸುತ್ತ ತಂದೆತಾಯಿ, ಒಡಹುಟ್ಟಿದವರು, ಹೆಂಡತಿ ಮಕ್ಕಳು, ಆಮೇಲೆ ನೆಂಟರು, ಊರವರು, ಕೊನೆಗೆ ಇಡೀ ಮನುಷ್ಯಕುಲ. ಹೊರಗಿನ ವೃತ್ತದವರನ್ನು ಒಂದೊಂದು ವೃತ್ತ ಒಳಕ್ಕೆ ಎಳೆದುಕೊಳ್ಳಬೇಕು. ಅದಕ್ಕೆ ಅವನು ಹೇಳಿದ ಉಪಾಯಗಳಲ್ಲೊಂದು ಕರೆಯುವ ಹೆಸರನ್ನು ಬದಲಿಸುವುದು: ದಾಯಾದಿಗಳನ್ನು ಅಣ್ಣತಮ್ಮ ಎನ್ನಿ, ತಂದೆತಾಯಿಯ ಒಡಹುಟ್ಟಿದವರನ್ನು ಅಪ್ಪ, ಅಮ್ಮ ಎನ್ನಿ. ಕನ್ನಡದಲ್ಲಿ ಓದುವವರಿಗೆ ಇಲ್ಲಿ ಮುಖ ಅರಳುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂದು ಆ ಕೆಲಸವನ್ನು ನಮ್ಮ ಭಾಷೆ ಆಗಲೇ ಮಾಡಿಟ್ಟಿದೆ. ನಮಗೆ ಉಳಿದಿರುವುದು ಆ ಹೆಸರಿಗೆ ತಕ್ಕಂತೆ ನಡೆಯುವುದು: ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದಾಗ "ಅಪ್ಪನಿಗಾಗಿದ್ದರೆ ಎಷ್ಟು ದಿನ ಹೋಗುತ್ತಿದ್ದೆ?" ಎಂದು ಕೇಳಿಕೊಳ್ಳುವುದು.

ಫೋನಿನಲ್ಲಿ ಬರುವ ಸುದ್ದಿ, ನಿಂದೆ, ಹೋಲಿಕೆ?

ಮಾರ್ಕಸ್‌ನ 8ನೇ ಅಧ್ಯಾಯದಲ್ಲಿ ಒಂದು ಸಾಧನವಿದೆ: ಮೊದಲು ತೋರಿದ್ದಕ್ಕೆ ಏನನ್ನೂ ಸೇರಿಸಬೇಡ. "ಇಂಥವನು ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ" ಎಂದು ಸುದ್ದಿ ಬಂತು. ಅಷ್ಟೇ ಬಂದದ್ದು. ನಿನಗೆ ಹಾನಿಯಾಯಿತು ಎಂಬ ಸುದ್ದಿ ಬಂದಿಲ್ಲ. ಎರಡು ನೀಲಿ ಗೆರೆ ಬಂದು ಉತ್ತರ ಬಾರದಿದ್ದರೆ, ಅವರು ಸಂದೇಶ ತೆರೆದರು ಎಂದಷ್ಟೇ ಗೊತ್ತು. "ನನ್ನನ್ನು ಕಂಡರಾಗದು" ಎಂಬುದು ನೀವು ಸೇರಿಸಿದ್ದು.

ಕೊಳ್ಳುವ ಚಪಲಕ್ಕೂ ಅವನಲ್ಲಿ ಮದ್ದಿದೆ. ಅರಸನ ನೇರಳೆ ನಿಲುವಂಗಿ ಎಂದರೆ ಚಿಪ್ಪುಹುಳದ ರಕ್ತದಲ್ಲಿ ಅದ್ದಿದ ಕುರಿಯ ಉಣ್ಣೆ, ಹೆಸರಾಂತ ಫಲೆರ್ನಿಯನ್ ಮದ್ಯ ಎಂದರೆ ದ್ರಾಕ್ಷಿಯ ರಸ ಎಂದು ಬರೆದುಕೊಂಡ. ಆ ನಿಲುವಂಗಿ ಅವನ ಮೈಮೇಲೇ ಇತ್ತು. ಕಾರ್ಟ್‌ನಲ್ಲಿರುವ ವಸ್ತುವನ್ನು ಹೀಗೊಮ್ಮೆ ಸರಳ ಮಾತಿನಲ್ಲಿ ಬಣ್ಣಿಸಿ, ಒಂದು ದಿನ ಬಿಟ್ಟು ನೋಡಿ. ಇದೇ ಮಾತನ್ನು ಜನರ ಮೇಲೆ, ಪ್ರೀತಿಯ ಮೇಲೆ ಪ್ರಯೋಗಿಸಬೇಡಿ, ಎಲ್ಲವೂ ಸಪ್ಪೆಯಾಗುತ್ತದೆ.

ಬೇಕೆಂದೇ ಬಡತನ ಅನುಭವಿಸುವ ಅಭ್ಯಾಸದ ಬಗ್ಗೆ ಕೇಳಿದ್ದೇವೆ. ಹೇಗೆ ಮಾಡುವುದು?

ಇದು ಸೆನೆಕಾನ 18ನೇ ಪತ್ರದಲ್ಲಿದೆ. ರೋಮ್ ನಗರವೆಲ್ಲ ಡಿಸೆಂಬರಿನ ಹಬ್ಬದಲ್ಲಿ ಮುಳುಗಿದ್ದಾಗ ಬರೆದದ್ದು. ಮೂರು ನಾಲ್ಕು ದಿನ ಅತಿ ಅಗ್ಗದ ಆಹಾರ, ಒರಟು ಬಟ್ಟೆ, ಗಟ್ಟಿ ಹಾಸಿಗೆ. ಆಗ "ನಾನು ಹೆದರಿದ್ದು ಇದಕ್ಕೇನಾ?" ಎಂದು ಕೇಳಿಕೋ. ನಮ್ಮಲ್ಲಿ ತಿಂಗಳಿಗೆ ಎರಡು ದಿನ ಸಾಕು: ಗಂಜಿ, ಉಪ್ಪು, ಒಂದು ಬಗೆಯ ಪಲ್ಯ, ಹೊರಗಿನ ತಿಂಡಿ ಇಲ್ಲ, ಕ್ಯಾಬ್ ಇಲ್ಲ, ನೆಲದ ಮೇಲೆ ಚಾಪೆ. ಮಧುಮೇಹದವರು, ಬಸುರಿಯರು, ಬಾಣಂತಿಯರು, ಊಟದ ವಿಷಯದಲ್ಲಿ ಮೊದಲೇ ಮನಸ್ಸಿಗೆ ತೊಡಕಿರುವವರು ಆಹಾರ ಕಡಿಮೆ ಮಾಡಬಾರದು. ಅವರು ಚಾಪೆ ಮತ್ತು ಬಸ್ಸಿಗೆ ನಿಲ್ಲಲಿ.

ಸೆನೆಕಾ ಒಂದು ಮಾತು ಸೇರಿಸುತ್ತಾನೆ: ದೊಡ್ಡದೇನೋ ಮಾಡುತ್ತಿದ್ದೇನೆಂದು ತಿಳಿಯಬೇಡ, ಸಾವಿರಾರು ಗುಲಾಮರು, ಬಡವರು ದಿನಾ ಮಾಡುವುದನ್ನೇ ನೀನು ಮಾಡುತ್ತಿದ್ದೀಯ. ಹಾಗಾಗಿ ಚಾಪೆಯ ಫೋಟೋ ಸ್ಟೇಟಸ್ಸಿಗೆ ಹಾಕಬೇಡಿ.

ಇಷ್ಟೆಲ್ಲ ಹೇಳಿದ ಅವನೇ ಕೋಟ್ಯಧೀಶನಾಗಿದ್ದನಲ್ಲ?

ಹೌದು. ಸೆನೆಕಾ ರೋಮಿನ ಬಹಳ ದೊಡ್ಡ ಸಿರಿವಂತರಲ್ಲೊಬ್ಬ, ನೀರೋನ ಅಧಿಕಾರಕ್ಕೆ ಹೆಗಲು ಕೊಟ್ಟವನು. 47ನೇ ಪತ್ರದಲ್ಲಿ ಗುಲಾಮರೂ ಮನುಷ್ಯರೇ ಎಂದು ಬರೆದ, ಗುಲಾಮಗಿರಿ ಹೋಗಬೇಕೆಂದು ಬರೆಯಲಿಲ್ಲ. ಈ ಕೊರತೆ ನಿಜ, ಮುಚ್ಚಿಡಬೇಕಿಲ್ಲ. ಅವನನ್ನು ಗುರುವೆಂದು ಪೂಜಿಸುವ ಬದಲು, ಅದೇ ಆಸ್ಪತ್ರೆಯ ಪಕ್ಕದ ಹಾಸಿಗೆಯಿಂದ ಮಾತಾಡುವ ಇನ್ನೊಬ್ಬ ರೋಗಿಯೆಂದು ಓದಿ. ತನ್ನನ್ನು ಹಾಗೆ ಕಾಣು ಎಂದು ಅವನೇ ಗೆಳೆಯನಿಗೆ ಬರೆದಿದ್ದಾನೆ.

ಸ್ಟೋಯಿಕರು ಅಳುವುದಿಲ್ಲವೇ? ಸಾವಿನ ಮನೆಯಲ್ಲಿ ಏನು ಮಾಡಬೇಕು?

ಅಳುತ್ತಾರೆ. ಗೆಳೆಯ ಸತ್ತಾಗ ಕಣ್ಣು ಒಣಗಿರುವುದೂ ಬೇಡ, ಹೊಳೆಯಾಗುವುದೂ ಬೇಡ ಎಂದು ಸೆನೆಕಾನ 63ನೇ ಪತ್ರ ಹೇಳುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಸ್ಟೋಯಿಕ್ ಗುರುವೊಬ್ಬ ಎಲ್ಲರ ಹಾಗೆ ಬಿಳಿಚಿಕೊಂಡದ್ದನ್ನು ರೋಮಿನ ಲೇಖಕ ಔಲಸ್ ಗೆಲಿಯಸ್ ಬರೆದಿಟ್ಟಿದ್ದಾನೆ. ಆ ಗುರುವಿನ ಉತ್ತರ, ಬಿಳಿಚಿಕೊಳ್ಳುವುದು ಶರೀರದ ಮೊದಲ ಹೆಜ್ಜೆ, ಅದನ್ನು ಎಪಿಕ್ಟೀಟಸ್ ಕೂಡ ಒಪ್ಪಿದ್ದಾನೆ ಎಂದು.

ಮಗುವಿಗೆ ಮುತ್ತಿಡುವಾಗ "ಸಾಯುವ ಜೀವಕ್ಕೆ ಮುತ್ತಿಡುತ್ತಿದ್ದೇನೆ" ಎಂದುಕೋ ಎಂಬ ಎಪಿಕ್ಟೀಟಸ್‌ನ ಮಾತು ಹಲವರನ್ನು ನೋಯಿಸುತ್ತದೆ. ಅದೇ ಎಪಿಕ್ಟೀಟಸ್‌ನ ಬಳಿ, ಮಗಳ ಕಾಯಿಲೆಯನ್ನು ನೋಡಲಾರದೆ ಮನೆ ಬಿಟ್ಟು ಓಡಿದ್ದೆ ಎಂದು ಒಬ್ಬ ತಂದೆ ಹೇಳಿಕೊಂಡಾಗ ಸಿಕ್ಕ ಉತ್ತರವನ್ನು ಜೊತೆಗಿಟ್ಟು ಓದಬೇಕು: ಪ್ರೀತಿಯಿದ್ದಿದ್ದರೆ ಪಕ್ಕದಲ್ಲಿ ಕೂರುತ್ತಿದ್ದೆ. ಮೊದಲ ಮಾತನ್ನು ಹೊಸಬರು, ದುಃಖದಲ್ಲಿರುವವರು ಅಭ್ಯಾಸ ಮಾಡುವುದು ಬೇಡ. ಬೇರೆಯವರ ಸಾವಿನ ಮನೆಯಲ್ಲಿ ತತ್ವ ಹೇಳಲೇಬೇಡಿ. ಅಳುವವರ ಜೊತೆ ಮಾತಿನಲ್ಲಿ ಸೇರು, ಬೇಕಾದರೆ ಜೊತೆಗೆ ನರಳು ಎನ್ನುತ್ತದೆ ಕೈಪಿಡಿ. ಕುಳಿತುಕೊಳ್ಳಿ, ಬಂದವರಿಗೆ ಕಾಫಿ ಮಾಡಿಕೊಡಿ.

ಖಿನ್ನತೆಗೆ, ಅತಿಯಾದ ಆತಂಕಕ್ಕೆ ಇದು ಚಿಕಿತ್ಸೆಯೇ?

ಅಲ್ಲ. ಅಮೆರಿಕದ ಮನೋಚಿಕಿತ್ಸಕರಾದ ಆರನ್ ಬೆಕ್ ಮತ್ತು ಆಲ್ಬರ್ಟ್ ಎಲಿಸ್ ತಮ್ಮ ಚಿಕಿತ್ಸಾ ವಿಧಾನಗಳ ಬೇರು ಸ್ಟೋಯಿಕರಲ್ಲಿದೆ ಎಂದು ಹೇಳಿದ್ದು ನಿಜ. ಆದರೆ ಬೇರು ಬೇರೆ, ಔಷಧಿ ಬೇರೆ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ಹೋಗಿದ್ದರೆ ವೈದ್ಯರನ್ನು ನೋಡಿ. ಬದುಕು ಬೇಡವೆನಿಸಿದರೆ ಅದೇ ಕ್ಷಣ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ಇದೆಲ್ಲ ಗೀತೆಯಲ್ಲಿ ಇದೆಯಲ್ಲ?

ಫಲದ ಮೇಲೆ ಹಿಡಿತ ಬಿಡು, ಮಾಡುವುದನ್ನು ಚೆನ್ನಾಗಿ ಮಾಡು ಎಂಬಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ. ನೆಲೆ ಮಾತ್ರ ಬೇರೆ. ಸ್ಟೋಯಿಕರಲ್ಲಿ ಪುನರ್ಜನ್ಮದಿಂದ ಬಿಡುಗಡೆಯ ಗುರಿಯಿಲ್ಲ. ಈ ಬದುಕಿನಲ್ಲಿ ವಿವೇಕ, ನ್ಯಾಯ, ಧೈರ್ಯ, ಸಂಯಮ, ಈ ನಾಲ್ಕರಲ್ಲಿ ನಡೆಯುವುದೇ ಅವರಿಗೆ ಎಲ್ಲ. ಗೀತೆಯನ್ನು ಪಾರಾಯಣ ಮಾಡುವವರು ಅದನ್ನು ಬಿಡಬೇಕಿಲ್ಲ. ರಾತ್ರಿಯ ಐದು ಸಾಲು ಎರಡಕ್ಕೂ ಹೊಂದುತ್ತದೆ.

ಮೊದಲು ಯಾವುದನ್ನು ಓದಬೇಕು?

ಕೈಪಿಡಿ. 53 ಪುಟ್ಟ ಅಧ್ಯಾಯಗಳು, ಕೆಲವು ಎರಡೇ ವಾಕ್ಯ. ದಿನಕ್ಕೊಂದರಂತೆ ಓದಿದರೆ ಎರಡು ತಿಂಗಳೊಳಗೆ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಿ. ಆಮೇಲೆ ಸೆನೆಕಾನ ಪತ್ರಗಳು, ವಾರಕ್ಕೆ ಎರಡು. ಮಾರ್ಕಸ್‌ನನ್ನು ಕೊನೆಗಿಡಿ, ಅದನ್ನೂ ಎರಡನೇ ಅಧ್ಯಾಯದಿಂದ ತೆರೆಯಿರಿ. ಮೊದಲನೆಯದು ತನಗೆ ಕಲಿಸಿದವರಿಗೆ ಅವನು ಸಲ್ಲಿಸಿದ ಕೃತಜ್ಞತೆ, ಪರಿಚಯವಾದ ಮೇಲೆ ಹೆಚ್ಚು ರುಚಿಸುತ್ತದೆ. ಅವನ ಹೆಸರಿನಲ್ಲಿ ಚಿತ್ರದ ಮೇಲೆ ಅಚ್ಚಾಗಿ ಹರಿದಾಡುವ ಮಾತುಗಳಲ್ಲಿ ಅವನು ಬರೆಯದವೂ ಬೇಕಾದಷ್ಟಿವೆ. ಅಧ್ಯಾಯದ ಸಂಖ್ಯೆಯಿಲ್ಲದ ಮಾತನ್ನು ನಂಬಬೇಡಿ.

ನಡುವೆ ಬಿಟ್ಟುಹೋದರೆ?

ಬಿಟ್ಟುಹೋಗುತ್ತದೆ. ಮದುವೆ, ಪರೀಕ್ಷೆ, ಜ್ವರ, ಯಾವುದಾದರೂ ಬಂದೇ ಬರುತ್ತದೆ. ಎಡವಿದರೆ ಬೇಸರಿಸಿಕೊಳ್ಳದೆ ಮತ್ತೆ ಬಾ ಎಂದು ಮಾರ್ಕಸ್ 5ನೇ ಅಧ್ಯಾಯದಲ್ಲಿ ತನಗೇ ಬರೆದುಕೊಂಡಿದ್ದಾನೆ, ಅಂದರೆ ಅವನಿಗೂ ಬಿಟ್ಟುಹೋಗುತ್ತಿತ್ತು. ತಿರುಗಿ ಬರುವಾಗ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಬೆಳಿಗ್ಗೆಯದು, ಚಾಪೆ, ಕ್ಯಾಲೆಂಡರು ಎಲ್ಲ ಹಾಗಿರಲಿ. ಮೊದಲ ವಾರ ರಾತ್ರಿ ಒಂದೇ ಸಾಲು: ಇವತ್ತು ಹೂಂಗುಟ್ಟುವ ಮೊದಲು ಎಲ್ಲಿ ನಿಂತೆ? ಎಲ್ಲಿಯೂ ನಿಲ್ಲದಿದ್ದರೆ "ಎಲ್ಲಿಯೂ ಇಲ್ಲ" ಎಂದು ಬರೆದು ಮಲಗಿ.